ಹೂಂಗುಟ್ಟುವ ಮಕ್ಕಳು ಬೇಕಾಗಿದ್ದಾರೆ

2025ರ ಏಪ್ರಿಲಿನಿಂದ ಜೂನ್ ಅಂತ್ಯದವರೆಗೆ ಮಹಾರಾಷ್ಟ್ರದಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿ ಮೂರನೆಯ ಭಾಷೆಯಾಗಬೇಕೇ ಎಂಬ ವಾದ ಕಾವೇರಿತು. ಕೊನೆಗೆ ಸರಕಾರವು ತನ್ನ ಆದೇಶಗಳನ್ನು ಹಿಂತೆಗೆದುಕೊಂಡಿತು. ಎಷ್ಟು ಭಾಷೆಗಳೆಂಬ ಈ ಲೆಕ್ಕಾಚಾರದ ನಡುವೆ, ಆರು ವರ್ಷದ ಮಗು ಒಂದು ಭಾಷೆಯನ್ನಾದರೂ ಹತ್ತು ನಿಮಿಷ ಕಿವಿಗೊಟ್ಟು ಆಲಿಸಬಲ್ಲುದೇ ಎಂಬ ಪ್ರಶ್ನೆ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

2021ರ ಜುಲೈಯಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಯಲ್ಲಿ ಮೌಖಿಕ ಭಾಷೆಗೂ ಸ್ಥಾನವಿದೆ, ನಿಜ. ಆದರೆ ಎಲ್ಲರ ನೆನಪಿನಲ್ಲಿ ನಿಂತಿರುವುದು ಮೂರನೆಯ ತರಗತಿಯ ಮಗು ನಿಮಿಷಕ್ಕೆ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿ. ಅಂಕಿಗೆ ಸಿಕ್ಕದ ಆಲಿಸುವಿಕೆಯು ವೇಳಾಪಟ್ಟಿಯಿಂದ ಮೊದಲು ಜಾರುತ್ತದೆ.

ನಮ್ಮ ಅಜ್ಜಿಯರ ಬಳಿ ಅದಕ್ಕೊಂದು ಅಳತೆಗೋಲಿತ್ತು. ಕಥೆ ಕೇಳುವವರು ಹೂಂಗುಟ್ಟಲೇಬೇಕೆಂಬುದು ಅವರ ಕಟ್ಟಳೆ. 'ಹೂಂ' ತಡವಾದರೆ ಮಗುವಿಗೆ ನಿದ್ದೆ ಹತ್ತಿದೆ, ಅವಸರದಲ್ಲಿ ಬಂದರೆ ಮನಸ್ಸು ಬೇರೆಡೆಗೆ ಹೋಗಿದೆ, 'ಆಮೇಲೆ?' ಎಂದರೆ ಕಥೆ ಒಳಗಿಳಿದಿದೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ನೋಡಿ. ಮಳೆಯಲ್ಲಿ ಮನೆ ಕಳೆದುಕೊಂಡ ಕಾಗಕ್ಕ ಮತ್ತೆ ಮತ್ತೆ ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಒಂದೊಂದು ಸಲಕ್ಕೆ ಒಂದೊಂದು ನೆಪ ಹೇಳುತ್ತಾಳೆ. ಮೂರನೆಯ ಸಲ ಹೇಳುವವರು ತುಸು ನಿಂತರೆ ಸಾಕು, ಮುಂದಿನ ಮಾತನ್ನು ಮಕ್ಕಳೇ ತುಂಬುತ್ತಾರೆ. ಕೇಳಿದ್ದನ್ನು ನೆನಪಿಡುವುದು, ಮುಂದಿನದನ್ನು ಊಹಿಸುವುದು, ತನ್ನ ಸರದಿಗೆ ಕಾಯುವುದು, ಎಲ್ಲವೂ ಅಲ್ಲಿಯೇ ಆಗಿಹೋಗುತ್ತದೆ. ಮೊಬೈಲಿನ ಕಥೆಯು ಯಾರ ಹೂಂಕಾರಕ್ಕೂ ಕಾಯುವುದಿಲ್ಲ!

ಮುಂಬಯಿಯಂಥ ನಗರದಲ್ಲಿ ಇದು ಇನ್ನಷ್ಟು ತೊಡಕಿನದು. ಕನ್ನಡ ಮಾಧ್ಯಮದ ಶಾಲೆಗೆ ಬರುವ ಮಗುವಿನ ಮನೆಯಲ್ಲಿ ತುಳುವೋ ಉತ್ತರ ಕರ್ನಾಟಕದ ಆಡುಮಾತೋ ಇರುತ್ತದೆ. ಬೀದಿಯಲ್ಲಿ ಮರಾಠಿ, ಹಿಂದಿ. ಪಠ್ಯದ ಕನ್ನಡ ಅದಕ್ಕೆ ಇನ್ನೊಂದು ಹೊಸ ದನಿ. ಆದ್ದರಿಂದ ಮೊದಲ ಕಥೆಗಳು ಮನೆಮಾತಿನಲ್ಲಿಯೇ ಬರಲೆಂಬುದು ನಮ್ಮ ನಿಲುವು. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮೊಮ್ಮಕ್ಕಳಿಗಂತೂ ಕನ್ನಡ ಕಿವಿಗೆ ಬೀಳುವ ದಾರಿ ಇದೊಂದೇ ಆಗಿರಬಹುದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ, ಬಲ್ಲ ಕಥೆಯನ್ನು ಯಾರಿಗೂ ಹೇಳದ ಹೆಂಗಸಿನ ಬಾಯಿಂದ ಕಥೆಯೇ ತಪ್ಪಿಸಿಕೊಂಡು ಹೊರಬಂದು, ಮನೆಯ ಹೊರಗೆ ಗಂಡಸಿನ ಪಾದರಕ್ಷೆಯಾಗಿ ಕುಳಿತು, ಗಂಡನಿಗೆ ಸಂಶಯ ಹುಟ್ಟಿಸುತ್ತದೆ.

ಶಿಕ್ಷಕರಲ್ಲಿ ಒಂದು ವಿನಂತಿ. ಕಥೆ ಮುಗಿದೊಡನೆ 'ನೀತಿಯೇನು?' ಎಂದು ಕೇಳುವ ರೂಢಿಯನ್ನು ಬಿಡಬೇಕು. ಆ ಪ್ರಶ್ನೆಗೆ ಕಥೆ ಕೇಳದ ಮಗುವೂ ಉತ್ತರಿಸಬಲ್ಲುದು. ಕಾಗಕ್ಕ ಎಷ್ಟು ಸಲ ಬಾಗಿಲು ತಟ್ಟಿದಳೆಂದು ಕೇಳಿ ನೋಡಿ.