ಬಿಡುಗಡೆಗೊಂದು ಸ್ಮಾರಕ

ಗದಗ-ಬೆಟಗೇರಿಯ ವೀರಗಲ್ಲುಗಳ ಎದುರು ನಿಂತವನಿಗೆ ಕಲ್ಲಿಗೂ ಮಾತಿದೆಯೆಂಬುದು ಅರಿವಾಗುತ್ತದೆ. ತುರುಗಳನ್ನು ಕಾಯಲು, ಊರನ್ನು ಉಳಿಸಲು ಹೋರಾಡಿ ಮಡಿದವರ ನೆನಪಿಗಾಗಿ ಕನ್ನಡನಾಡಿನ ಪೂರ್ವಿಕರು ಇಂತಹ ಕಲ್ಲುಗಳನ್ನು ನೆಟ್ಟರು. ಕೆಳಗಿನ ಹಂತದಲ್ಲಿ ವೀರನ ಕಾಳಗ, ಅದರ ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವಸಾನ್ನಿಧ್ಯ. ಮುಂಡರಗಿಯೆಂದೊಡನೆ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಪ್ರಾಣತೆತ್ತ ಭೀಮರಾಯನ ಹೆಸರು ನಾಲಗೆಗೆ ಬರುತ್ತದೆ. ವೀರರನ್ನು ಮರೆಯದಿರುವುದು ಈ ನಾಡಿನ ಗುಣ.

ಆದರೆ ಕೈಯಲ್ಲಿ ಖಡ್ಗವಿಲ್ಲದವನ, ಹೆಸರಿಗೊಂದು ತುಂಡು ನೆಲವಿಲ್ಲದವನ, ದನಕರುಗಳಂತೆ ಸಂತೆಯಲ್ಲಿ ಮಾರಲ್ಪಟ್ಟವನ ನೆನಪಿಗೆ ಕಲ್ಲು ನೆಡುವವರು ಯಾರು?

ಈ ಪ್ರಶ್ನೆಗೆ ದೂರದ ಕೆರಿಬಿಯನ್ ಸಮುದ್ರದ ದ್ವೀಪವೊಂದು ಉತ್ತರ ಕೊಟ್ಟಿದೆ. ಬಾರ್ಬಡೋಸ್ ಎಂಬ ಆ ಪುಟ್ಟ ದೇಶದಲ್ಲಿ ಕಬ್ಬಿನ ತೋಟಗಳ ದುಡಿಮೆಗೆಂದು ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ತರಲಾಗುತ್ತಿತ್ತು. ಅಲ್ಲಿ ಸಂಚಾರ ನಿಬಿಡವಾದ ವೃತ್ತವೊಂದರಲ್ಲಿ 1985ರಲ್ಲಿ ಒಂದು ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಅದರ ಶಿಲ್ಪಿ ಕಾರ್ಲ್ ಬ್ರೂಡ್‌ಹೇಗನ್. ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಎರಡೂ ಕೈಗಳನ್ನು ಮೇಲೆತ್ತಿ ನಿಂತ ಗುಲಾಮನ ಆಕೃತಿ. ಮಣಿಕಟ್ಟುಗಳಿಂದ ಕಡಿದುಹೋದ ಸರಪಳಿಗಳು ಜೋತಾಡುತ್ತಿವೆ. ಜನರು ಅದನ್ನು 'ಬುಸ್ಸಾ' ಎಂದು ಕರೆಯುತ್ತಾರೆ. ಬುಸ್ಸಾ 1816ರ ಏಪ್ರಿಲ್‌ನಲ್ಲಿ ಆ ದ್ವೀಪದ ಗುಲಾಮರ ಬಂಡಾಯದ ಮುಂದಾಳಾಗಿ ಕಾಳಗದಲ್ಲಿ ಮಡಿದವನು. ಪ್ರತಿಮೆಯನ್ನು ಅವನ ಮುಖ ನೋಡಿ ಕಡೆದುದಲ್ಲ. ಆದರೂ ಜನತೆ ಅದಕ್ಕೆ ಅವನ ಹೆಸರನ್ನೇ ಕೊಟ್ಟಿತು.

ಇದರಲ್ಲಿ ಒಂದು ಸತ್ಯ ಅಡಗಿದೆ. ಬ್ರಿಟಿಷ್ ಸಂಸತ್ತು 1833ರಲ್ಲಿ ಕಾಯಿದೆ ಮಾಡಿತು; ಅದು 1834ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಆದರೂ ದುಡಿಯುವ ವಯಸ್ಸಿನವರು 'ಶಿಕ್ಷಾರ್ಥಿ'ಗಳೆಂಬ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರ ತೋಟಗಳಲ್ಲಿ ದುಡಿಯಬೇಕಾಯಿತು. ಪರಿಹಾರವಾಗಿ ಕೊಟ್ಟ 2 ಕೋಟಿ ಪೌಂಡುಗಳು ಸಂದದ್ದು ಒಡೆಯರಿಗೆ! ಬೆನ್ನಿನ ಮೇಲೆ ಚಾವಟಿಯ ಬಾಸುಂಡೆ ಹೊತ್ತವರಿಗೆ ಬಿಡಿಗಾಸೂ ದೊರೆಯಲಿಲ್ಲ. ಆದುದರಿಂದ ಬಿಡುಗಡೆಯು ದೊರೆಗಳು ನೀಡಿದ ದಾನವೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಬಾರ್ಬಡೋಸಿನ ಜನ ಕಾಯಿದೆ ಬರೆದವನ ಪ್ರತಿಮೆಯನ್ನಲ್ಲ, ಸರಪಳಿ ಹರಿದವನ ಪ್ರತಿಮೆಯನ್ನು ನಿಲ್ಲಿಸಿದುದು ಉಚಿತವೇ ಆಗಿದೆ.

ಇದೆಲ್ಲ ಪರದೇಶದ ಮಾತು ಎಂದು ಭಾರತೀಯರು ಸುಮ್ಮನಿರುವಂತಿಲ್ಲ. ಆ ಕಾಯಿದೆಯು ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದ ಪ್ರದೇಶಗಳನ್ನು ಹೊರಗಿಟ್ಟಿತ್ತು. ಗುಲಾಮಗಿರಿಗೆ ಇಲ್ಲಿ ಕಾನೂನಿನ ಮಾನ್ಯತೆ ತಪ್ಪಿದುದು 1843ರಲ್ಲಿ. ಸಾಲದ ಹೆಸರಿನಲ್ಲಿ ತಂದೆಯನ್ನೂ, ತಂದೆಯ ಬಳಿಕ ಮಗನನ್ನೂ ಕಟ್ಟಿಹಾಕುವ ಜೀತ ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ಉಳಿದುಕೊಂಡಿತು. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಜೀತದಾಳುಗಳನ್ನು ಬಿಡುಗಡೆಗೊಳಿಸಿ, ಅವರ ಜೀತದ ಸಾಲವನ್ನೂ ರದ್ದುಗೊಳಿಸಿತು.

ಕರ್ನಾಟಕದಲ್ಲಿಯೇ ಬುಸ್ಸಾನ ಬಂಧುಗಳೆನ್ನಬಹುದಾದ ಜನರಿದ್ದಾರೆ. ಅವರೇ ಸಿದ್ದಿಯರು. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗುಲಾಮರನ್ನು ಗೋವೆಗೆ ತಂದರು. ಅವರಲ್ಲಿ ಎದೆಗಾರರಾದವರು ಒಡೆಯರ ಮನೆಗಳಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ದಟ್ಟಡವಿಯನ್ನು ಹೊಕ್ಕರು. ಅವರಿಗೆ ಯಾವ ಸಂಸತ್ತೂ ಬಿಡುಗಡೆಯ ಪತ್ರ ಬರೆದುಕೊಡಲಿಲ್ಲ; ಅವರ ಕಾಲುಗಳೇ ಅವರನ್ನು ಬಿಡುಗಡೆ ಮಾಡಿದವು. ಇಂದು ಅವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಕಲಘಟಗಿ, ಖಾನಾಪುರಗಳ ಸುತ್ತ ನೆಲೆಸಿದ್ದಾರೆ. ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇರುವ ಈ ಸಮುದಾಯಕ್ಕೆ ಡಮಾಮಿ ವಾದ್ಯದ ಕುಣಿತ ಪ್ರಿಯವಾದುದು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಅಜ್ಜಿಯರಂತೆಯೇ ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದುದು 2003ರಲ್ಲಿ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳವರಿಗೆ ಆ ಮಾನ್ಯತೆ ದೊರೆತುದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು.

ಹಳೆಯ ದಾಸ್ಯವನ್ನು ಕೆದಕಿ ಆ ಜನರನ್ನು ನಾಚಿಸುವುದೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯಲ್ಲಿ ಕನಿಕರವಿದೆ, ವಿವೇಕವಿಲ್ಲ. ನಾಚಿಕೆಯು ಮಾರಿದವನಿಗೂ ಕೊಂಡವನಿಗೂ ಸೇರಬೇಕೇ ಹೊರತು ಮಾರಲ್ಪಟ್ಟವನಿಗಲ್ಲ. ಮುಚ್ಚಿಟ್ಟ ಇತಿಹಾಸದಿಂದ ನೊಂದವನು ಇನ್ನಷ್ಟು ಒಂಟಿಯಾಗುತ್ತಾನೆ; ನೋಯಿಸಿದವನು ಮಾತ್ರ ನಿಶ್ಚಿಂತನಾಗುತ್ತಾನೆ. ಅನ್ನ, ವಿದ್ಯೆ, ಭೂಮಿ ಬೇಕಾದವರಿಗೆ ಕಲ್ಲಿನಿಂದೇನು ಫಲವೆಂದು ಇನ್ನು ಕೆಲವರು ಕೇಳಬಹುದು. ಈ ಮಾತಿನಲ್ಲಿ ಹುರುಳುಂಟು. ಶಾಲೆಯನ್ನೂ ಭೂಮಿಯನ್ನೂ ಕೊಡದೆ ಬರಿಯ ಸ್ಮಾರಕವನ್ನು ನಿಲ್ಲಿಸುವುದು ಹಸಿದವನ ಮುಂದೆ ಬರಿದಾದ ಎಲೆಯನ್ನು ಹಾಸಿದಂತೆ. ಆದರೆ ಮನುಷ್ಯನಿಗೆ ಅನ್ನದಷ್ಟೇ ಮಾನವೂ ಬೇಕು. ತನ್ನ ಹಿರಿಯರು ಹೇಡಿಗಳಲ್ಲ, ಸೆರೆಯಿಂದ ಸಿಡಿದು ಬಂದ ಧೀರರು ಎಂದು ತಿಳಿದ ಮಗುವು ತರಗತಿಯಲ್ಲಿ ತಲೆಯೆತ್ತಿ ಕುಳಿತುಕೊಳ್ಳುತ್ತದೆ.

ತುರುಗಳನ್ನು ಉಳಿಸಿದವನು ವೀರನಾದರೆ, ತನ್ನ ಮನುಷ್ಯತ್ವವನ್ನು ಉಳಿಸಿಕೊಂಡು ಕಾಡು ಹೊಕ್ಕವನೂ ವೀರನೇ. ಅವನಿಗಾಗಿ ಈ ನಾಡು ಒಂದು ಕಲ್ಲನ್ನು ನೆಡುವುದಾದರೆ, ಅದರಲ್ಲಿ ಆನೆ ಕುದುರೆಗಳನ್ನು ಕೆತ್ತಬೇಕಾದುದಿಲ್ಲ. ತುಂಡಾದ ಒಂದು ಸರಪಳಿಯೂ ಅಡವಿಯ ಕಡೆಗೆ ಹೊರಟ ಎರಡು ಹೆಜ್ಜೆಗಳೂ ಇದ್ದರೆ ಸಾಕು.