ಕಳ್ಳಮಾಲಿನ ಗಿರಾಕಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಟ್ರಕ್ಕೆಂಬುದು ರೈತನಿಗೂ ಬಡಗಿಗೂ ಗಾರೆಕೆಲಸದವನಿಗೂ ನಮ್ಮಲ್ಲಿಯ ಜೋಡೆತ್ತಿನ ಬಂಡಿಯಿದ್ದಂತೆ. ಮುಂದೆ ಕೂಡ್ರುವ ಸ್ಥಳ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ; ದಿನದ ದುಡಿಮೆಯೆಲ್ಲವೂ ಅದರ ಮೇಲೆಯೇ. ಇಂಥ ಗಾಡಿಯನ್ನು ರಾತ್ರಿ ಮನೆಯ ಮುಂದೆ ನಿಲ್ಲಿಸಿ ಮಲಗಿದವನು ಬೆಳಿಗ್ಗೆ ಯಂತ್ರವನ್ನು ನಡೆಯಿಸಿದೊಡನೆ ಅದು ಗುಡುಗಿನಂತೆ ಅಬ್ಬರಿಸತೊಡಗುತ್ತದೆ. ಬಗ್ಗಿ ನೋಡಿದರೆ ಹೊಗೆಕೊಳವೆಯ ನಡುವಿನ ಒಂದು ತುಂಡೇ ಮಾಯವಾಗಿರುತ್ತದೆ. ಈ ಅನುಭವವು ಕೆಲವು ವರ್ಷಗಳಿಂದ ಆ ದೇಶದ ಸಾವಿರಾರು ಗೃಹಸ್ಥರಿಗೆ ಆಗಿದೆ; ಅಲ್ಲಿ ನೆಲಸಿದ ನಮ್ಮ ಕನ್ನಡಿಗರಿಗೂ ಈ ಸಂಗತಿ ಹೊಸದಲ್ಲ.

ಕಳುವಾಗುವ ಆ ತುಂಡಿಗೆ ಕ್ಯಾಟಲಿಟಿಕ್ ಕನ್ವರ್ಟರು ಎಂದು ಹೆಸರು. ಉಕ್ಕಿನ ಕವಚದೊಳಗೆ ಜೇನುಹುಟ್ಟಿನಂತೆ ಅಸಂಖ್ಯ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ದಿಂಡು. ಆ ರಂಧ್ರಗಳ ಗೋಡೆಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಲೋಹಗಳ ಅತಿ ತೆಳುವಾದ ಲೇಪ. ಯಂತ್ರದಿಂದ ಹೊರಬೀಳುವ ವಿಷವಾಯುಗಳು ಇದರ ಮೂಲಕ ಹಾಯ್ದಾಗ ಬಹುಪಾಲು ನಿರ್ವಿಷವಾಗುತ್ತವೆ. ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ಮೊದಲುಗೊಂಡು ಇದು ರೂಢಿಗೆ ಬಂದಿತು. ಈ ಲೋಹಗಳು ಕಾರ್ಯವನ್ನು ನಡೆಯಿಸಿಕೊಡುತ್ತವೆಯೇ ಹೊರತು ತಾವು ಉರಿದುಹೋಗುವುದಿಲ್ಲ. ಆದುದರಿಂದ ಹತ್ತು ವರ್ಷ ಓಡಿದ ಹಳೆಯ ಗಾಡಿಯಲ್ಲಿಯೂ ಅವು ಬೆಲೆಯೊಡನೆ ಉಳಿದಿರುತ್ತವೆ. ಕಳ್ಳನಿಗೆ ಗಾಡಿಯ ವಯಸ್ಸಿನ ಚಿಂತೆಯಿಲ್ಲ.

ಚಿಂತೆಯಿರುವುದು ಪೇಟೆಯ ಧಾರಣೆಯದು. 2016ರಲ್ಲಿ ಒಂದು ಔನ್ಸ್ ರೋಡಿಯಮ್ಮಿಗೆ ಸಾವಿರ ಡಾಲರೂ ಇರಲಿಲ್ಲ. ಹೊಗೆಯ ನಿಯಮಗಳು ದೇಶದೇಶಗಳಲ್ಲಿ ಬಿಗಿಯಾದಂತೆ ಬೇಡಿಕೆ ಏರಿತು. ಜಗತ್ತಿನ ರೋಡಿಯಮ್ಮಿನ ಹೆಚ್ಚಿನ ಪಾಲು ಒದಗುವುದು ದಕ್ಷಿಣ ಆಫ್ರಿಕದ ಗಣಿಗಳಿಂದ, ಆ ಗಣಿಗಳಿಗೆ 2020ರ ಸಾಂಕ್ರಾಮಿಕದಲ್ಲಿ ಬೀಗ ಬಿದ್ದಿತು. 2021ರ ವಸಂತದಲ್ಲಿ ಔನ್ಸಿನ ಬೆಲೆ 29,000 ಡಾಲರುಗಳ ಸಮೀಪಕ್ಕೆ ಮುಟ್ಟಿತು. ವಿಮೆಯ ಅಪರಾಧಗಳನ್ನು ಶೋಧಿಸುವ ಅಲ್ಲಿಯ ನ್ಯಾಷನಲ್ ಇನ್ಶೂರೆನ್ಸ್ ಕ್ರೈಮ್ ಬ್ಯೂರೋದ ಲೆಕ್ಕದಲ್ಲಿ 2018ರಲ್ಲಿ 1,298 ಇದ್ದ ಕಳವುಗಳು 2020ರಲ್ಲಿ 14,433ಕ್ಕೂ, 2021ರಲ್ಲಿ 52,206ಕ್ಕೂ ಏರಿದವು. ಇವು ವಿಮೆಯ ದಫ್ತರಕ್ಕೆ ಬಂದವು ಮಾತ್ರ. ವಿಮೆಯಿಲ್ಲದ ಬಡವನ ನಷ್ಟ ಯಾವ ಲೆಕ್ಕದಲ್ಲಿಯೂ ಇಲ್ಲ.

ಪಿಕಪ್ ಟ್ರಕ್ಕಿನ ಮೇಲೆ ಕಳ್ಳರ ಕಣ್ಣು ವಿಶೇಷವಾಗಿ ಬೀಳಲು ಕಾರಣವಿದೆ. ಅದು ನೆಲದಿಂದ ಎತ್ತರವಾಗಿ ನಿಲ್ಲುವುದರಿಂದ ಜಾಕು ಹಾಕಿ ಎತ್ತುವ ಗೊಡವೆಯಿಲ್ಲ. ಬೆನ್ನ ಮೇಲೆ ಮಲಗಿ ಒಳಗೆ ಜಾರಿದರಾಯಿತು. ಯಂತ್ರ ದೊಡ್ಡದಾದುದರಿಂದ ಎಷ್ಟೋ ಗಾಡಿಗಳಲ್ಲಿ ಎರಡೋ ಅದಕ್ಕಿಂತ ಹೆಚ್ಚೋ ಕನ್ವರ್ಟರುಗಳಿರುತ್ತವೆ. ಬ್ಯಾಟರಿಯಿಂದ ನಡೆಯುವ ಗರಗಸವೊಂದಿದ್ದರೆ ಒಂದೆರಡು ನಿಮಿಷದ ಕೆಲಸ. ಕದ್ದವನಿಗೆ ಕೆಲವು ನೂರು ಡಾಲರು ದಕ್ಕಿದರೆ, ಹೊಸದನ್ನು ಹಾಕಿಸಲು ಒಡೆಯನಿಗೆ ಸಾವಿರದಿಂದ ಮೂರು ಸಾವಿರ ಡಾಲರುಗಳವರೆಗೆ ಬೀಳುತ್ತದೆ. ಅಷ್ಟು ದಿನ ಗಾಡಿ ನಿಂತು ಕೂಲಿ ಕೆಟ್ಟುದು ಬೇರೆ.

ಇದಕ್ಕೆ ಅಲ್ಲಿಯ ವರ್ತಕರು ತರತರದ ರಕ್ಷೆಗಳನ್ನು ಪೇಟೆಗೆ ತಂದಿದ್ದಾರೆ. ಪ್ರತಿಯೊಂದು ಸಂಕಟಕ್ಕೂ ಒಂದು ಸಾಮಾನನ್ನು ಮಾರಾಟಕ್ಕಿಡುವುದು ಆ ದೇಶದ ಜಾಯಮಾನವಷ್ಟೆ! ಆದರೆ ಅವೆಲ್ಲವೂ ಹುಸಿಯೆಂದು ನಾವು ಹೇಳಲಾರೆವು. ಯಂತ್ರದ ಅಡಿಗೆ ದಪ್ಪನಾದ ಲೋಹದ ಹಲಗೆಯನ್ನು, ಸಾಮಾನ್ಯ ಪಾನಾಕ್ಕೆ ಬಗ್ಗದ ತಲೆಯುಳ್ಳ ಬೋಲ್ಟುಗಳಿಂದ ಬಿಗಿಯುವುದು ನಮಗೆ ಎಲ್ಲಕ್ಕಿಂತ ಮೇಲಾಗಿ ತೋರುತ್ತದೆ. ಕನ್ವರ್ಟರು ವಿಪರೀತವಾಗಿ ಕಾಯುವ ವಸ್ತು. ಆದುದರಿಂದ ಹಲಗೆಯಲ್ಲಿ ಗಾಳಿಯಾಡಲು ಕಿಂಡಿಗಳಿರಬೇಕು, ಆ ಗಾಡಿಯ ಮಾದರಿಗೆ ಅಳತೆಯಾಗಿ ಮಾಡಿದ್ದಾಗಿರಬೇಕು. ಉಕ್ಕಿನ ಹಗ್ಗವನ್ನು ಕೊಳವೆಗೆ ಸುತ್ತಿ ಗಾಡಿಯ ಚೌಕಟ್ಟಿಗೆ ಕಟ್ಟುವುದು ಇನ್ನೊಂದು ಕ್ರಮ; ಜೋಲುವ ಹಗ್ಗದ ಮೇಲೆ ಗರಗಸ ನೆಟ್ಟಗೆ ಓಡುವುದಿಲ್ಲ. ಕೂಗುವ ಗಂಟೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಾಗಿಲು ತೆರೆದರೆ ಕೂಗುವ ಗಂಟೆಗೆ ಅಡಿಯಲ್ಲಿ ನಡೆಯುವುದು ತಿಳಿಯದು. ಗಾಡಿ ಓರೆಯಾದರೆ ಕೂಗುವಂಥದು ಜಾಕು ಹಾಕಬೇಕಾದ ಚಿಕ್ಕ ಕಾರಿಗೆ ಸರಿ, ಎತ್ತದೆಯೇ ಕೊಯ್ಯಬಹುದಾದ ಪಿಕಪ್ಪಿಗೆ ನಿಷ್ಪ್ರಯೋಜಕ. ನಡುಕವನ್ನು ಗ್ರಹಿಸಿ ಕೂಗುವುದೇ ಇದಕ್ಕೆ ತಕ್ಕುದು. ಕೊಟ್ಟಿಗೆಯಿದ್ದವರು ಒಳಗೆ ನಿಲ್ಲಿಸಲಿ, ಇಲ್ಲದವರು ದೀಪದ ಬೆಳಕಿನಲ್ಲಿ, ಗೋಡೆಗೆ ಒತ್ತಾಗಿ ನಿಲ್ಲಿಸಲಿ.

ಇಷ್ಟಾದರೂ ಈ ರಕ್ಷೆಗಳ ಒಂದು ಗುಣವನ್ನು ಮರೆಯಲಾಗದು. ಹಲಗೆ ಕಂಡ ಕಳ್ಳನು ಕಳವನ್ನು ಬಿಟ್ಟು ಮನೆಗೆ ಹೋಗುವುದಿಲ್ಲ. ಹಲಗೆಯಿಲ್ಲದ ಪಕ್ಕದ ಗಾಡಿಗೆ ಹೋಗುತ್ತಾನೆ. ಉಳ್ಳವನು ನಾಲ್ಕು ನೂರು ಡಾಲರು ಕೊಟ್ಟು ಪಾರಾದರೆ ಇಲ್ಲದವನ ಪಾಲಿಗೆ ಅದೇ ಗರಗಸ. ಒಬ್ಬೊಬ್ಬನು ತನ್ನ ತನ್ನ ಬಾಗಿಲನ್ನು ಭದ್ರಪಡಿಸಿಕೊಂಡ ಮಾತ್ರಕ್ಕೆ ಊರು ಭದ್ರವಾಗುವುದಿಲ್ಲವೆಂಬುದನ್ನು ಆಡಳಿತ ನಡೆಯಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಳ್ಳನು ಆ ಕೊಳವೆಯ ತುಂಡನ್ನು ತಿನ್ನಲಾರನು, ಕರಗಿಸಿ ಲೋಹ ತೆಗೆಯಲೂ ಅರಿಯನು. ಕೊಳ್ಳುವವನೊಬ್ಬನು ಕಾದಿರುವುದರಿಂದಲೇ ಅವನು ಕದಿಯುತ್ತಾನೆ.

ಕೊಳ್ಳುವವರ ವ್ಯಾಪಾರವೆಷ್ಟೆಂಬುದು 2022ರ ನವೆಂಬರಿನಲ್ಲಿ ಹೊರಬಿದ್ದಿತು. ಅಮೆರಿಕದ ಕೇಂದ್ರ ಸರಕಾರದ ನ್ಯಾಯ ಇಲಾಖೆಯವರು ಐದು ಸಂಸ್ಥಾನಗಳಲ್ಲಿ 21 ಜನರ ಮೇಲೆ ಆರೋಪ ಹೊರಿಸಿ, 54.5 ಕೋಟಿ ಡಾಲರುಗಳಿಗೂ ಮಿಕ್ಕ ಆಸ್ತಿಯ ಮುಟ್ಟುಗೋಲಿಗೆ ಬೇಡಿಕೆಯಿಟ್ಟರು. ಬೀದಿಯ ಕಳ್ಳನಿಂದ ಕೊಂಡವನು, ಅವನಿಂದ ಸಗಟಾಗಿ ಕೊಂಡವನು, ಒಡೆದು ಪುಡಿಮಾಡಿ ಶುದ್ಧೀಕರಣದ ಕಾರಖಾನೆಗೆ ಮಾರಿದವನು ಎಂದು ಅಂಚೆಯ ಕುದುರೆಗಳಂತೆ ಮಾಲು ಕೈಯಿಂದ ಕೈಗೆ ಸಾಗುತ್ತಿತ್ತೆಂಬುದು ಆರೋಪದ ಸಾರ.

ಇದು ಬರಿಯ ಹಣದ ಮಾತಾಗಿಯೂ ಉಳಿಯಲಿಲ್ಲ. ಅದೇ ವರ್ಷ ಮಾರ್ಚ್ 31ರ ರಾತ್ರಿ ಟೆಕ್ಸಾಸಿನ ಹ್ಯಾರಿಸ್ ಕೌಂಟಿಯ ಒಬ್ಬ ಪೋಲೀಸು ಅಧಿಕಾರಿ, ಕೆಲಸದ ಮೇಲಿಲ್ಲದ ವೇಳೆಯಲ್ಲಿ, ಪತ್ನಿಯೊಡನೆ ಅಂಗಡಿಗೆ ಹೋಗಿದ್ದಾಗ ತನ್ನ ಟ್ರಕ್ಕಿನ ಕನ್ವರ್ಟರನ್ನು ಕೊಯ್ಯುತ್ತಿದ್ದವರನ್ನು ತಡೆಯಹೋಗಿ ಗುಂಡೇಟಿನಿಂದ ಸತ್ತನು. ಅವನ ಹೆಸರಿನಲ್ಲಿಯೇ ಟೆಕ್ಸಾಸ್ ಶಾಸನಸಭೆ 2023ರಲ್ಲಿ ಕಾಯಿದೆ ಮಾಡಿತು. ಗರಗಸದ ಸದ್ದು ಕೇಳಿ ಬರಿಗೈಯಲ್ಲಿ ಹೊರಗೆ ಓಡುವವರು ಈ ಸಂಗತಿಯನ್ನು ನೆನೆಯುವುದೊಳ್ಳೆಯದು. ಕ್ಯಾಲಿಫೋರ್ನಿಯದಲ್ಲಿ 2023ರ ಜನವರಿಯಿಂದ ಗಾಡಿಯ ಒಡೆಯನಿಂದ ಅಥವಾ ಪರವಾನಗಿಯುಳ್ಳ ವರ್ತಕರಿಂದ ಹೊರತು ಬೇರೆಯವರಿಂದ ಹಳೆಯ ಕನ್ವರ್ಟರನ್ನು ಕೊಳ್ಳುವುದು ಅಪರಾಧವಾಯಿತು. ಮಿನೆಸೋಟ ಅದೇ ವರ್ಷ ಇನ್ನೂ ಮುಂದೆ ಹೋಗಿ, ಯಾವ ಗಾಡಿಯದೆಂಬ ಗುರುತಿಲ್ಲದ ಬಿಡಿ ಕನ್ವರ್ಟರನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಕಾರಖಾನೆಯಲ್ಲಿಯೇ ಗಾಡಿಯ ಸಂಖ್ಯೆಯನ್ನು ಕನ್ವರ್ಟರಿನ ಮೇಲೆ ಮುದ್ರಿಸಬೇಕೆಂಬ ಮಸೂದೆ ಮಾತ್ರ 2022ರಲ್ಲಿಯೂ 2023ರಲ್ಲಿಯೂ ಕಾಂಗ್ರೆಸ್ ಸಭೆಯಲ್ಲಿ ಮಂಡಿತವಾಗಿ ಕಾಯಿದೆಯಾಗದೆ ಹೋಯಿತು. ರೋಡಿಯಮ್ಮಿನ ಬೆಲೆ 2023ರ ನಡುವೆ 5,000 ಡಾಲರಿಗಿಂತ ಕೆಳಗಿಳಿದಾಗ ಕಳವುಗಳೂ ಇಳಿದವು. ಇಳಿಸಿದ್ದು ಕಾಯಿದೆಯೋ ಧಾರಣೆಯೋ ಎಂದು ವಾದಿಸಬಹುದು; ಧಾರಣೆ ಮತ್ತೆ ಏರದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ದೂರದ ದೇಶದ ಕೊಳವೆಯ ಚಿಂತೆ ನಮಗೇಕೆಂದು ವಾಚಕರು ಕೇಳಿಯಾರು. ನಮ್ಮಲ್ಲಿ 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಕನ್ವರ್ಟರು ಕಡ್ಡಾಯವಾಯಿತು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6ರ ನಿಯಮ ದೇಶಕ್ಕೆಲ್ಲ ಬಂದಿತು. ಅದರ ಹಿಂದೆಯೇ ಗುಜರಾತ, ಮಹಾರಾಷ್ಟ್ರಗಳಲ್ಲಿ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರುಗಳು ಮಾಯವಾಗತೊಡಗಿ, ಒಳಗಿನ ತಿರುಳನ್ನು ತೆಗೆದು ಮಾರುವ ತಂಡಗಳು ಪೋಲೀಸರ ಕೈಗೆ ಸಿಕ್ಕಿದವು. ಶಾಲೆಯ ಮಕ್ಕಳನ್ನೂ ಹಾಲು ತರಕಾರಿಯನ್ನೂ ಸಾಗಿಸಿ ಹೊಟ್ಟೆ ಹೊರೆಯುವವರ ಗಾಡಿಗಳವು.

ಕದ್ದ ಮಾಲೆಂದು ತಿಳಿದು ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆಯುಂಟು. ಅದನ್ನೇ ಕಸುಬಾಗಿ ಮಾಡಿಕೊಂಡವನಿಗೆ ಆಜೀವ ಕಾರಾವಾಸದವರೆಗೂ ಉಂಟು. ಆದರೆ ಗುರುತೇ ಇಲ್ಲದ ತುಂಡು ಕದ್ದದ್ದೆಂದು ಕೋರ್ಟಿನಲ್ಲಿ ಸಿದ್ಧಪಡಿಸುವುದು ಹೇಗೆ? ಬಾಡಿಗೆಯ ಗಾಡಿಗಳು ಯೋಗ್ಯತಾಪತ್ರಕ್ಕಾಗಿ ಸಾರಿಗೆ ಇಲಾಖೆಯ ಮುಂದೆ ಹೇಗೂ ಬಂದು ನಿಲ್ಲುತ್ತವೆ. ಆಗಲೇ ಅವುಗಳ ಚಾಸಿ ಸಂಖ್ಯೆಯನ್ನು ಕನ್ವರ್ಟರಿನ ಕವಚದ ಮೇಲೆ ಕೆತ್ತಿಸುವ ಏರ್ಪಾಡಾಗಲಿ. ಗುಜರಿಯ ವರ್ತಕರು ಬಿಡಿ ಸೈಲೆನ್ಸರು ಕೊಳ್ಳುವಾಗ ಮಾರಿದವನ ಹೆಸರು, ವಿಳಾಸ, ಗಾಡಿಯ ನಂಬರುಗಳನ್ನು ಬರೆದಿಡುವ ಪುಸ್ತಕವೊಂದನ್ನು ಠಾಣೆಯವರು ತಿಂಗಳಿಗೊಮ್ಮೆ ನೋಡಲಿ. ಪ್ರಾಮಾಣಿಕ ವರ್ತಕನಿಗೆ ಇದರಿಂದ ಕಿರುಕುಳಕ್ಕಿಂತ ರಕ್ಷಣೆಯೇ ಹೆಚ್ಚು. ಕೆತ್ತನೆಯ ಖರ್ಚನ್ನು ಗಾಡಿಯವನ ತಲೆಗೆ ಕಟ್ಟದೆ ತಪಾಸಣೆಯ ಶುಲ್ಕದಲ್ಲಿಯೇ ಅಡಕಮಾಡಬೇಕೆಂದು ಸಾರಿಗೆ ಇಲಾಖೆಯವರಲ್ಲಿ ನಮ್ಮ ಕೋರಿಕೆ.