ಬೆಟ್ಟ ಇಳಿಯುವ ಸೈಕಲ್ಲಿಗೆ ಬ್ರೇಕೇ ಜೀವ

ನಂದಿಬೆಟ್ಟಕ್ಕೆ ಸೈಕಲ್ ತುಳಿದು ಹತ್ತಿದವನಿಗೆ ಊರೆಲ್ಲಾ ಶಹಬ್ಬಾಸ್ ಅನ್ನುತ್ತೆ. ಆದರೆ 1,478 ಮೀಟರ್ ಎತ್ತರದ ಬೆಟ್ಟದಿಂದ ತಿರುವು ತಿರುವಾಗಿ ಇಳಿಯುವಾಗ ಅವನನ್ನು ಕಾಯುವುದು ಹೆಬ್ಬೆರಳ ಗಾತ್ರದ ಬ್ರೇಕ್ ಪ್ಯಾಡು.

ಚಿಕ್ಕಬಳ್ಳಾಪುರವಾಗಲಿ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಾಗಲಿ, ಹುಡುಗರು ಗೇರ್ ಸೈಕಲ್ಲೇ ಬೇಕೆನ್ನುವ ಕಾಲವಿದು. ಕೊಳ್ಳುವಾಗ ನೋಡುವುದೇನು? ಬಣ್ಣ, ಗೇರು, ಶಾಕ್ ಅಬ್ಸಾರ್ಬರು. ಬ್ರೇಕಿನ ಸುದ್ದಿ ಎತ್ತುವವರು ಕಡಿಮೆ.

‘ಡಿಸ್ಕ್ ಬ್ರೇಕ್ ಇದೆಯಲ್ಲಾ’ ಅಂದರೆ ಸಾಲದು. ಪ್ಯಾಡು ಕಾಗದದಷ್ಟು ತೆಳುವಾಗುವ ಮೊದಲೇ ಬದಲಿಸಬೇಕು. ಚೈನಿಗೆ ಬಿಡುವ ಎಣ್ಣೆ ಒಂದು ಹನಿ ಡಿಸ್ಕಿಗೆ ತಾಗಿದರೂ ಹಿಡಿತ ಹೋಯ್ತು. ವೈರಿನ ಬ್ರೇಕಾದರೆ ಎಳೆ ಬಿಟ್ಟ ವೈರು ಕಿತ್ತು ಹೊಸದು ಹಾಕಿಸಬೇಕು. ಆಯಿಲ್ ಬ್ರೇಕಾದರೆ ಇನ್ನೂ ಹುಷಾರು. ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್. ‘ಎರಡೂ ಎಣ್ಣೆ ತಾನೆ’ ಅಂತ ಮಿನರಲ್ ಆಯಿಲಿನ ಬ್ರೇಕಿಗೆ ಮೋಟಾರ್ ಸೈಕಲ್ಲಿನ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲು ಊದಿ ಕೆಡುತ್ತೆ.

ಅಂಗಡಿಯವರಿಗೂ ಒಂದು ಮಾತು. ಪ್ಯಾಡಿನ ಆಕಾರ ಬ್ರೇಕಿನಿಂದ ಬ್ರೇಕಿಗೆ ಬೇರೆ. ಹಳೇದರ ಜೊತೆ ತಾಳೆ ನೋಡದೆ ‘ಇದೂ ಕೂರುತ್ತೆ ತಗೊಳ್ಳಿ’ ಅನ್ನಬೇಡಿ. ಇಲ್ಲದಿದ್ದರೆ ಇಲ್ಲ ಅನ್ನಿ. ಒಂದು ವ್ಯಾಪಾರ ಹೋದೀತು, ಒಂದು ಜೀವ ಉಳಿದೀತು.

ಇಳಿಜಾರಿನಲ್ಲಿ ಬಸ್ಸು ಜೋರಾದರೆ ‘ಬ್ರೇಕ್ ಸರಿ ಇದೆಯೇನಪ್ಪಾ?’ ಅಂತ ಡ್ರೈವರನ್ನು ಕೇಳುವ ಅಪ್ಪಂದಿರು, ಮಗನ ಸೈಕಲ್ಲಿನ ಬ್ರೇಕನ್ನು ಒಮ್ಮೆಯಾದರೂ ಒತ್ತಿ ನೋಡಿದ್ದಾರೆಯೇ? ಇವತ್ತು ಸಂಜೆಯೇ ನೋಡಲಿ.